ಮೈಗೆ ಹತ್ತಿದ್ದು

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ತೂಕದ ಯಂತ್ರದ ಮೇಲೆ ನಿಂತ ಅತ್ತೆ ಬಾಯಿಂದ ಉಸಿರೆಳೆಯುತ್ತಿದ್ದಳು. ಸೊಸೆ ಬಗ್ಗಿ ಅಂಕಿಯ ಫೋಟೋ ತೆಗೆದು, ನಾದಿನಿಗೆ ಕಳಿಸಿ, ಆಮೇಲೆ ಅತ್ತೆಯ ತೋಳು ಹಿಡಿದು ಪಕ್ಕದಲ್ಲಿದ್ದ ನರ್ಸ್ ಕಡೆ ತಿರುಗಿದಳು.

"ಐವತ್ಮೂರು ಕಿಲೋ ನಾನೂರು ಗ್ರಾಂ! ಒಂದೇ ವಾರಕ್ಕೆ ಎರಡೂವರೆ ಕಿಲೋ ಸಿಸ್ಟರ್."

"ಸಂತೆ ಕುರಿ ಥರ... ತೂಗ್ತಾಳೆ ನನ್ನ," ಎಂದಳು ಅತ್ತೆ, ಮಂಚಕ್ಕೆ ಒರಗುತ್ತ.

ಹೃದಯದ ತೊಂದರೆಗೆ ಆಸ್ಪತ್ರೆ ಸೇರಿ ಅತ್ತೆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅವಳ ಕುತ್ತಿಗೆಯ ಮೂಳೆ ಕಂಡು ನಾದಿನಿ, "ಅಣ್ಣನ ಮನೇಲಿ ಊಟಕ್ಕೆ ಬರವೇ? ಇನ್ನೂ ಇಳಿದ್ರೆ ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ," ಎಂದಿದ್ದಳು. ಇವತ್ತು ಹತ್ತು ಗಂಟೆಗೆ ಅವಳು ಬರುವವಳಿದ್ದಳು.

ವಾರಕ್ಕೊಮ್ಮೆ ಬಡಾವಣೆಯ ವಯಸ್ಸಾದವರನ್ನು ಮನೆಗೇ ಬಂದು ನೋಡುವ ನರ್ಸ್, ಅತ್ತೆಯ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

"ರಾತ್ರಿ ನಿದ್ದೆ ಬಂತಾ ಅಜ್ಜಿ?"

"ಕೂತೇ ಇದ್ದೆ. ಮಲಗಿದ್ರೆ... ಎದೆ ಮೇಲೆ ಯಾರೋ ಕೂತ ಹಾಗೆ."

"ನೀರು ಹೋಗೋ ಮಾತ್ರೆ ಕೊಡ್ತಿದ್ದೀರಾ ಅಕ್ಕ?"

ಸೊಸೆ ಹಾಸಿಗೆಯ ಅಂಚು ನೀವತೊಡಗಿದಳು. "ಅದು ಕೊಟ್ರೆ ತೂಕ ಇಳೀತಿತ್ತು. ಹತ್ತು ದಿನ ಆಯ್ತು ನಿಲ್ಲಿಸಿ. ಹೋದ ವಾರ ಒಂದು ಕಿಲೋ ಏರಿದಾಗ ನೀವೇ ಒಳ್ಳೇದಾಯ್ತು ಅಂದ್ರಲ್ಲ?"

ಅಂದದ್ದು ನಿಜ. ನರ್ಸ್ ಅಂದು ಅಂಕಿ ನೋಡಿದ್ದಳು, ಕಾಲು ನೋಡಿರಲಿಲ್ಲ.

"ನಾನೂ ತಪ್ಪಿದೆ. ಇದು ಮೈಗೆ ಹತ್ತಿದ್ದಲ್ಲ, ನೀರು. ಶ್ವಾಸಕೋಶಕ್ಕೂ ಏರಿದೆ."

ಫೋನಿನಲ್ಲಿ ವೈದ್ಯರು ಇಂಜೆಕ್ಷನ್ ಹೇಳಿದರು. ಎರಡು ಗಂಟೆಯಲ್ಲಿ ಉಸಿರಾಟ ಸುಧಾರಿಸದಿದ್ದರೆ ತಡಮಾಡದೆ ಆಸ್ಪತ್ರೆಗೆ. ನರ್ಸ್ ನೀರು ಇಳಿಸುವ ಆ ಇಂಜೆಕ್ಷನ್ ಕೊಟ್ಟು, ಗಡಿಯಾರ ನೋಡುತ್ತ ಉಸಿರು ಎಣಿಸಿದಳು. ಸೊಸೆ ಮತ್ತೆ ಮತ್ತೆ ಬೆಡ್‌ಪ್ಯಾನ್ ಹೊತ್ತು ಬಚ್ಚಲಿಗೆ ಹೋಗಿ ಬಂದಳು. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಅತ್ತೆಯ ಎದೆಯನ್ನೇ ನೋಡಿದಳು. ಒಂಬತ್ತೂವರೆಗೆ ಅತ್ತೆ ನಡುವೆ ನಿಲ್ಲಿಸದೆ ಒಂದು ಮಾತು ಪೂರ್ತಿ ಆಡಿದಳು: "ಹೋಗೋಕೆ ಹೊರಟವಳು ನಾನು, ಮುಖ ಬಾಡಿರೋದು ನಿಂದು ಕಣೇ."

ಹತ್ತಕ್ಕೆ ನಾದಿನಿ ಬಂದಳು. ಚಪ್ಪಲಿ ಬಿಡುತ್ತಲೇ, "ಫೋಟೋ ನೋಡ್ದೆ ಅತ್ತಿಗೆ. ಅವತ್ತು ಎಲುಬಿಲ್ಲದ ನಾಲಿಗೆ ಏನೇನೋ ಆಡ್ತು, ಮನಸ್ಸಲ್ಲಿ ಇಟ್ಕೋಬೇಡಿ. ಅಮ್ಮ ಇಲ್ಲೇ ಇರ್ಲಿ," ಎಂದಳು.

ನರ್ಸ್ ಬಿಪಿ ಯಂತ್ರದ ಪಟ್ಟಿ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡಳು.

"ಆ ಫೋಟೋ ನಂಬಬೇಡಿ," ಎಂದಳು ಸೊಸೆ. "ಅದು ನೀರು ತುಂಬಿದ ತೂಕ. ಮಾತ್ರೆ ನಿಲ್ಲಿಸಿದ್ದು ನಾನು. ಬೆಳಿಗ್ಗೆ ಅತ್ತೆಗೆ ಉಸಿರೇ ಸಿಗ್ತಿರಲಿಲ್ಲ."

ನಾದಿನಿಯ ಕೈ ಹೆಗಲ ಚೀಲದ ಮೇಲೇ ನಿಂತಿತು. "ಹಾಗಾದ್ರೆ ಈಗ ಎಷ್ಟು?"

"ನೀರು ಇನ್ನೂ ಇಳೀಬೇಕು," ಎಂದಳು ನರ್ಸ್.

ಸೊಸೆ ಯಂತ್ರವನ್ನು ಮಂಚದ ಪಕ್ಕಕ್ಕೆ ಎಳೆದು ಅತ್ತೆಯನ್ನು ಎಬ್ಬಿಸಿ ಅದರ ಮೇಲೆ ನಿಲ್ಲಿಸಿ, ಹಿಡಿದ ತೋಳು ಬಿಟ್ಟಳು. ಅಂಕಿ ತುಯ್ದಾಡಿ ನಿಂತಿತು. ಅವಳು ಬಗ್ಗಿ, ಬಾಗಿಲಿನವರೆಗೂ ಕೇಳುವಂತೆ ಓದಿದಳು.

"ಐವತ್ತೆರಡು ಕಿಲೋ ನೂರು ಗ್ರಾಂ."