ಮಾಯವ್ವನ ಹುಲ್ಲಿನ ಗಾಡಿ

ಬ್ಯಾಟರಿ ಸತ್ತ ಕೂಡಲೇ ಹೊಸ ಬ್ಯಾಟರಿ ತರಲು ಓಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ಬೈಲಹೊಂಗಲದಲ್ಲಿ ಟ್ರ್ಯಾಕ್ಟರು, ಟೆಂಪೋಗಳ ಡೈನಮೋ ಬಿಚ್ಚಿ ಕಟ್ಟುತ್ತಿರುವವನು ನಾನು, ಕಾಂತೇಶ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಈ ತಾಲೂಕಿನಲ್ಲಿ ಎಷ್ಟಿದ್ದಾರೆ ಅಂತ ತಿಳಿಯಬೇಕಾದರೆ ನನ್ನ ಅಂಗಡಿ ಮುಂದೆ ಒಂದು ದಿನ ಕೂತರೆ ಸಾಕು. ಎಂಜಿನ್ನು ಬ್ಯಾಟರಿಗೆ ಕರೆಂಟು ತುಂಬುತ್ತಿದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಹೊಸದು ಕೂರಿಸುತ್ತಾರೆ, ಅದೂ ಸತ್ತ ಮೇಲೆ ಮಾರಿದವನನ್ನು ಬೈಯುತ್ತಾರೆ.

ಅಂಥವರಿಗೆಲ್ಲ ಹಿರಿಯರು ಅಮೋಘಸಿದ್ದಪ್ಪನವರು, ನೇಸರಗಿ ರಸ್ತೆಯ ಒಂದು ಕಾಲೇಜಿನ ಅಧ್ಯಕ್ಷರು. 2003ರಲ್ಲಿ ಎಲ್ಲೋ ಹುಲ್ಲುಹಾಸು ನೋಡಿ ಬಂದು ತಮ್ಮ ಕಾಲೇಜಿನ ಮುಂದೂ ಹಾಕಿಸಿದರು. ಕುಡಿಯುವ ನೀರಿಗೆ ಹುಡುಗರು ಸಾಲು ನಿಲ್ಲುತ್ತಿದ್ದರು, ಹುಲ್ಲಿಗೆ ಮಾತ್ರ ದಿನಕ್ಕೆರಡು ಹೊತ್ತು ನೀರು. ಅದನ್ನು ಕೊಯ್ಯಲು ಮೇಲೆ ಕೂತು ಓಡಿಸುವ ಯಂತ್ರ ಬಂತು. ನಾಲ್ಕು ಗಾಲಿ, ಒಂದು ಸೀಟು, ಹೊಟ್ಟೆಯಡಿ ತಿರುಗುವ ಬ್ಲೇಡು. ಟ್ರ್ಯಾಕ್ಟರಿನ ಮರಿಯ ಹಾಗಿತ್ತು. ಕಾಲೇಜಿನ ಗಂಡಸರು ಯಾರೂ ಅದರ ಮೇಲೆ ಕೂರಲಿಲ್ಲ. ಮೀಸೆ ಹೊತ್ತವರು ಆಟಿಕೆ ಗಾಡಿ ಓಡಿಸಿದರೆ ಮರ್ಯಾದೆ ಏನಾದೀತು! ಕೊನೆಗೆ ತೋಟದ ಕೆಲಸದ ಮಾಯವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿದಳು, ವಾರದಲ್ಲಿ ಕಲಿತಳು.

ಮರುವರ್ಷ ಮಹಾನವಮಿಯ ಆಯುಧಪೂಜೆ ಆದ ಮೇಲೆ ಗಾಡಿ ನಿಂತಿತು. ಹೊಸ ಬ್ಯಾಟರಿ ಹಾಕಿದರು. ಹದಿನೈದು ದಿನಕ್ಕೆ ಅದೂ ಮಲಗಿತು. ಆಗ ಸುಪರಿಂಟೆಂಡೆಂಟ್ ಶಂಕ್ರೆಪ್ಪ ನನ್ನನ್ನು ಕರೆಸಿದ. ಜೇಬಿನಲ್ಲಿ ಎರಡು ಪೆನ್ನಿಟ್ಟುಕೊಂಡು ಸಹಿಗೆ ಮೂರನೆಯವರ ಪೆನ್ನು ಕೇಳುವ ಆಸಾಮಿ ಅವನು. ನನಗೋ ಸವದತ್ತಿಯಲ್ಲಿ ಒಂದು ಟ್ರ್ಯಾಕ್ಟರು ಕಾಯುತ್ತಿತ್ತು. ಬೈಕಿನ ಪೆಟ್ಟಿಗೆಯಿಂದ ಮೀಟರನ್ನು ಹೊರಗೆ ತೆಗೆಯಲೂ ಇಲ್ಲ.

"ಅಣ್ಣಾರ, ಖಂಡೆಪೂಜಿಗೆ ಬಣ್ಣಾ ಹಚ್ಚಿದಾಗಿಂದ ಹಿಂಗ ಆಗೇತ್ರಿ," ಅಂದಳು ಮಾಯವ್ವ. "ಅದಕ್ಕಿಂತ ಮೊದಲ ಒಂದ ದಿನಾನೂ ನಿಂತಿಲ್ರಿ."

ನಾನು ನಕ್ಕೆ. "ಬಣ್ಣಕ್ಕೂ ಬ್ಯಾಟರಿಗೂ ಏನ ಸಂಬಂಧಬೇ? ಸೀರಿ ಬಣ್ಣಾ ಬದಲಾದ್ರ ಹೊಟ್ಟಿ ಹಸಿವು ಬದಲಾಗತೈತೇನು?" ಶಂಕ್ರೆಪ್ಪನೂ ನಕ್ಕ. ಅವನ ಕಡೆ ತಿರುಗಿ, "ಹೊಸಾ ಬ್ಯಾಟರಿ ಇಷ್ಟ ಲಗೂ ಸಾಯೂದಿಲ್ರಿ. ಯಾರರ ಅದಲಿ ಬದಲಿ ಮಾಡಿರಬೇಕು, ನೋಡ್ರಿ," ಅಂದು ಬೈಕು ಹತ್ತಿದೆ. ಅಷ್ಟು ಹೇಳಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ಶಂಕ್ರೆಪ್ಪ ಆ ಮಾತನ್ನು ಬೀಜದ ಕಾಳಿನಂತೆ ಜೋಪಾನ ಮಾಡಿದ. ಮಾಯವ್ವನ ಅಳಿಯ ನೇಸರಗಿಯಲ್ಲಿ ಜೀಪು ಓಡಿಸುತ್ತಿದ್ದ. ಮುಗಿಯಿತಲ್ಲ! ಹೊಸ ಬ್ಯಾಟರಿ ಅಳಿಯನ ಜೀಪಿಗೆ, ಅವನ ಹಳೆಯದು ಹುಲ್ಲಿನ ಗಾಡಿಗೆ. ಜೀಪಿನ ಬ್ಯಾಟರಿ ಆ ಗಾಡಿಯ ಪೆಟ್ಟಿಗೆಯಲ್ಲಿ ಹಿಡಿಯುವುದೇ ಇಲ್ಲ ಅನ್ನುವುದು ಓದಿದ ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂರನೆಯ ಬ್ಯಾಟರಿಯೂ ಸತ್ತ ಮೇಲೆ ಹದಿನಾಲ್ಕು ವರ್ಷ ದುಡಿದವಳಿಗೆ ನೋಟಿಸು ಕೊಟ್ಟರು. ಯಂತ್ರದಲ್ಲಿ ದೋಷವಿಲ್ಲ ಎಂದು ನನ್ನ ಅಂಗಡಿಯ ಕಾಗದದ ಮೇಲೆ ನಾನು ಸಹಿ ಮಾಡಿದರೆ ಅವಳನ್ನು ಕೆಲಸದಿಂದ ತೆಗೆಯುವುದು ಅಂತ ಠರಾವಾಯಿತು.

ಶನಿವಾರ ಹೋದೆ. ಅಧ್ಯಕ್ಷರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದರು, ಸುತ್ತ ಸಿಬ್ಬಂದಿಯೆಲ್ಲ ನಿಂತಿತ್ತು, ಗೇಟಿನ ಹತ್ತಿರ ಹುಡುಗರು ಗುಂಪುಗೂಡಿದ್ದರು. ಬರೆಯಬೇಕಾದ ಒಕ್ಕಣೆಯನ್ನೂ ಶಂಕ್ರೆಪ್ಪ ತಯಾರು ಮಾಡಿಟ್ಟಿದ್ದ. ನಾನು ಪೆನ್ನು ತೆಗೆದೆ.

"ಸಹಿ ಮಾಡೂಕಿಂತ ಮೊದಲ ಒಮ್ಮೆ ಮೀಟರ್ ಹಚ್ರಿ," ಅಂದಳು ಮಾಯವ್ವ. ಅಳುತ್ತಿರಲಿಲ್ಲ. "ಆವತ್ತ ನೀವು ಹಚ್ಚಲಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಕಸುಬಿಗೇ ಕೈ ಹಾಕಿದ್ದಳು. ಸಿಟ್ಟು ಬಂತು. ಅವಳ ಬಾಯಿ ಮುಚ್ಚಿಸಬೇಕೆಂದೇ ಮೀಟರು ತೆಗೆದೆ, ಬೇರೆ ಯಾವ ಒಳ್ಳೆಯತನವೂ ನನ್ನಲ್ಲಿರಲಿಲ್ಲ.

ಬೈಕಿನ ಪೆಟ್ಟಿಗೆಯಲ್ಲಿ ಸದಾ ಇಟ್ಟುಕೊಳ್ಳುವ ಬ್ಯಾಟರಿ ಜೋಡಿಸಿ ಗಾಡಿ ಚಾಲೂ ಮಾಡಿ, ಅದನ್ನು ಬಿಡಿಸಿ, ಗಾಡಿಯ ಬ್ಯಾಟರಿಗೆ ಮೀಟರು ಹಚ್ಚಿದೆ. ಎಂಜಿನ್ನು ಓಡುವಾಗ ಮುಳ್ಳು ಹದಿನಾಲ್ಕು ವೋಲ್ಟಿನ ಹತ್ತಿರ ಇರಬೇಕು. ಹನ್ನೊಂದೂವರೆ ಬಿಟ್ಟು ಏಳಲಿಲ್ಲ. ಅಂದರೆ ಬ್ಯಾಟರಿ ತುಂಬುತ್ತಲೇ ಇಲ್ಲ, ಯಾವ ಬ್ಯಾಟರಿ ಹಾಕಿದರೂ ಸಾಯಲೇಬೇಕು. ಎಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಕಾಯಿಲಿನಿಂದ ಬರುವ ವೈರು ನೋಡಿದೆ. ಅಲ್ಲಿ ಕರೆಂಟು ಚೆನ್ನಾಗಿತ್ತು. ಉಳಿದದ್ದು ರೆಗ್ಯುಲೇಟರು, ಕಾಯಿಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕಳಿಸುವ ಅಂಗೈಯಷ್ಟು ಡಬ್ಬಿ. ಅದರ ಅರ್ಥಿಂಗಿಗೆ, ಅಂದರೆ ಕರೆಂಟು ಮರಳುವ ದಾರಿಗೆ, ಬೇರೆ ವೈರಿಲ್ಲ. ಡಬ್ಬಿಯ ಮೈ ಗಾಡಿಯ ತಗಡಿಗೆ ತಾಗಿರಬೇಕು, ಅಷ್ಟೇ. ಡಬ್ಬಿಯಿಂದ ಬ್ಯಾಟರಿಯ ಮೈನಸ್ಸಿಗೆ ಒಂದು ತುಂಡು ವೈರು ಹಿಡಿದೆ. ಮುಳ್ಳು ಸರ್ರನೆ ಹದಿನಾಲ್ಕಕ್ಕೆ ಏರಿತು.

ಎಂಜಿನ್ನು ಬಂದ್ ಮಾಡಿ ಡಬ್ಬಿ ಬಿಚ್ಚಿದೆ. ತಗಡಿನ ಮೇಲೆ ನೀಲಿ ಬಣ್ಣ. ಡಬ್ಬಿಯ ತಳಕ್ಕೂ ನೀಲಿ, ಬೋಲ್ಟಿನ ಮೈಗೂ ನೀಲಿ, ಹೋಳಿಗೆಯಷ್ಟು ದಪ್ಪ.

"ಬಣ್ಣದಾಗ ಕರೆಂಟ್ ಹಾಯೂದಿಲ್ರಿ, ಸಾಹೇಬ್ರ," ಅಂದೆ. ಮಾಯವ್ವನ ಕಡೆ ನೋಡಲಿಲ್ಲ.

ಕೆಂಪು ಗಾಡಿಗೆ ಕಾಲೇಜಿನ ನೀಲಿ ಹಚ್ಚಿ ಪೂಜೆಗಿಡಿ ಎಂದವರು ಸ್ವತಃ ಅಧ್ಯಕ್ಷರು. ಗೇಟು, ನೀರಿನ ಟಾಕಿ, ಗಂಟೆ ಎಲ್ಲಕ್ಕೂ ಅದೇ ಬಣ್ಣ. ಎಲ್ಲಾದರೂ ಚೂರು ಕೆಂಪು ಕಂಡು ಸಾಹೇಬರ ಮನಸ್ಸು ನೊಂದೀತೆಂದು ಶಂಕ್ರೆಪ್ಪ ಬಿಡಿಭಾಗಗಳನ್ನೂ ಬಿಚ್ಚಿಸಿ, ಎರಡೂ ಬದಿ ಬಳಿಸಿದ್ದ. ವಿಭೂತಿ, ಕುಂಕುಮ, ಕುಂಬಳಕಾಯಿ ಎಲ್ಲ ಆಗಿತ್ತು. ಗಾಡಿ ಸಾಯಲು ಇನ್ನೇನು ಬೇಕಿತ್ತು!

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಶಂಕ್ರೆಪ್ಪ ನನ್ನ ಕಿವಿಗೆ ಬಂದ. "ಕಂಪನಿಯವರ ತಪ್ಪು ಅಂತ ಬರೀರಿ ಕಾಂತೇಶ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಥೂ, ಎಂಥ ಮನುಷ್ಯ ಅನ್ನಿಸಿತು. ಆದರೆ ಕಳವಿನ ಮಾತು ಮೊದಲು ಹುಟ್ಟಿದ್ದು ಅವನ ಬಾಯಲ್ಲಲ್ಲ. ಅಧ್ಯಕ್ಷರಿಗೆ ವೈರು ತಿಳಿಯದು, ಶಂಕ್ರೆಪ್ಪನಿಗೆ ಸಾಹೇಬರ ಮುಖ ಬಿಟ್ಟು ಏನೂ ತಿಳಿಯದು. ಎಲ್ಲ ತಿಳಿದವನು ಒಬ್ಬನೇ ಇದ್ದ, ಅವನು ಮೀಟರು ಹಚ್ಚಿರಲಿಲ್ಲ. ಅವರಿಬ್ಬರಿಗಿಂತ ನಾನೇ ಹೇಸಿಗೆಯವನು ಅನ್ನಿಸಿತು.

ಎಮರಿ ಕಾಗದದಿಂದ ಬಣ್ಣ ಉಜ್ಜಿ ತೆಗೆದು, ಡಬ್ಬಿ ಕೂರಿಸಿ, ಕಾಗದದ ಮೇಲೆ ನನಗೆ ತೋಚಿದ್ದನ್ನು ಬರೆದೆ. ಸಹಿ ಮಾಡಿ ಮಾಯವ್ವನ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಓದ್ರಿ. ಕಳ್ಳಿ ಅಂದದ್ದನ್ನ ಎಲ್ಲಾರೂ ಕೇಳ್ಯಾರ. ಇದನ್ನೂ ಕೇಳ್ಲಿ."

ಓದಿದೆ. "ಹಬ್ಬಕ್ಕೆ ಹಚ್ಚಿದ ಬಣ್ಣದಿಂದ ರೆಗ್ಯುಲೇಟರಿನ ಅರ್ಥಿಂಗ್ ತಪ್ಪಿ ಬ್ಯಾಟರಿಗಳು ಸತ್ತಿವೆ. ಯಾವುದನ್ನೂ ಯಾರೂ ಕದ್ದಿಲ್ಲ. ಬಣ್ಣ ಹಚ್ಚಿದಂದಿನಿಂದ ಹೀಗಾಗಿದೆ ಎಂದು ಮಾಯವ್ವನವರು ಮೊದಲ ದಿನವೇ ಹೇಳಿದ್ದರು. ಪರೀಕ್ಷೆ ಮಾಡದೆ ಅವರ ಮೇಲೆ ಕಳವಿನ ಮಾತು ಹೊರಿಸಿದವನು ನಾನು."

ಕೊನೆಯ ಸಾಲನ್ನು ಬಾಯಲ್ಲೇ ಗೊಣಗಿ ಕಾಗದ ಮಡಚತೊಡಗಿದೆ.

"ಕೇಳಲಿಲ್ರಿ," ಅಂದರು ಮಾಯವ್ವ. "ಕಡೀ ಸಾಲು ಮತ್ತೊಮ್ಮೆ ಓದ್ರಿ."

ಗಟ್ಟಿಯಾಗಿ ಓದಿದೆ. ಅವರು ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದರು, ಕೀಲಿ ತಿರುವುವ ಮೊದಲು ಹಿಂದೆ ನೋಡಿದರು.

"ಇನ್ನೊಮ್ಮೆ," ಅಂದರು. "ಗೇಟಿನಾಗ ನಿಂತವರಿಗೂ ಕೇಳಬೇಕು."