ಅಕ್ಕನ ಹೆಂಚು, ತಂಗಿಯ ಲಟ್ಟಣಿಗೆ

ಗುಡ್ರುನ್ ಲಟ್ಟಿಸಿದ ಲೆಫ್ಸೆ ರೊಟ್ಟಿ ಆ ಬೆಳಿಗ್ಗೆಯೂ ಹೆಂಚಿಗೆ ಹಾಕುವಷ್ಟರಲ್ಲಿ ಹರಿಯಿತು. ಮೇಜಿನಗಲದ ತೆಳು ರೊಟ್ಟಿ ಅದು, ಒಬ್ಬರ ಕೈಗೆ ಒಗ್ಗುವುದಲ್ಲ. ಒಬ್ಬರು ಲಟ್ಟಿಸಬೇಕು, ಇನ್ನೊಬ್ಬರು ಚಪ್ಪಟೆ ಕೋಲಿನಲ್ಲಿ ಎತ್ತಿ ಬೇಯಿಸಬೇಕು. ನಾರ್ವೆಯ ಆ ಕಡಲ ಹಳ್ಳಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ.

ಅಮ್ಮ ಸಾಯುವ ಮೊದಲು ಯೋಚಿಸಿಯೇ ಹಂಚಿದ್ದಳು. ದೊಡ್ಡ ಹೆಂಚು ಅಕ್ಕ ಸಿಗ್ನೆಗೆ, ಗೆರೆ ಕೊರೆದ ಲಟ್ಟಣಿಗೆ ಗುಡ್ರುನ್‌ಗೆ. ಇಬ್ಬರೂ ಸೇರಿ ಬೇಯಿಸಲಿ ಎಂಬುದು ಅವಳ ಆಸೆ. ಗುಡ್ರುನ್‌ಗೆ ಕಂಡದ್ದು ಒಂದೇ: ದೊಡ್ಡದು ಅಕ್ಕನ ಪಾಲಾಯಿತು. ಅಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ಮಾತು ನಿಂತಿತು. ಇಬ್ಬರ ಮನೆಗಳ ನಡುವೆ ಒಂದು ಪುಟ್ಟ ಸೇತುವೆ ಇತ್ತು, ಅಷ್ಟೇ.

ಪ್ರಾರ್ಥನಾಮನೆಗೆ ಹಣ ಕೂಡಿಸಲು ನಡೆಸುವ ಬಜಾರಿಗೆ ರೊಟ್ಟಿ ಕೇಳಲು ಪಕ್ಕದ ಮನೆಯ ಬೊರ್ಗಿಲ್ಡ್ ಬಂದರು. ಹರಿದ ಚೂರಿಗೆ ಬೆಣ್ಣೆ, ಸಕ್ಕರೆ ಸವರಿ ಬಾಯಿಗೆ ಹಾಕಿಕೊಂಡರು.

"ರುಚಿಯಾಗಿದೆ ಕಣೇ. ಸಿಗ್ನೆದು..."

"ಅವಳ ಹೆಸರೆತ್ತಬೇಡಿ ಬೊರ್ಗಿಲ್ಡಕ್ಕ. ದೊಡ್ಡ ಹೆಂಚಿದ್ರೆ ಯಾರು ಬೇಕಾದ್ರೂ ಮಾಡ್ತಾರೆ. ಬಜಾರಲ್ಲಿ ಎಲ್ರೂ ಅವಳ ಬುಟ್ಟಿಗೇ ಮುತ್ಕೊಳ್ತಾರೆ. ನನ್ನ ರೊಟ್ಟಿ ಮೂಸೋರಿಲ್ಲ."

ಅಷ್ಟರಲ್ಲಿ ಗುಡ್ರುನ್‌ಳ ಹೆಣ್ಣುಮಕ್ಕಳಿಬ್ಬರೂ ಊಟಕ್ಕೆ ಬಂದರು. ಚಿಕ್ಕವಳು ಮಾರೆನ್ ತನ್ನ ತಟ್ಟೆಯನ್ನು ಮೇಜಿನ ಆ ತುದಿಗೆ ಎಳೆದುಕೊಂಡಳು.

"ಮಾರೆನ್, ಅಕ್ಕಂಗೆ ಬೆಣ್ಣೆ ಕೊಡು," ಎಂದಳು ಗುಡ್ರುನ್.

"ನೀನೇ ಕೊಡು. ಹಬ್ಬದಲ್ಲಿ ಒಬ್ಬಳೇ ಹಾಡೋಕೆ ಅವಳನ್ನ ಆರಿಸಿದಾರೆ. ಇನ್ಮೇಲೆ ಅವಳ ಹತ್ರ ಮಾತಿಲ್ಲ."

"ಎಲ್ಲಿವರೆಗೆ?"

"ಯಾವತ್ತೂ. ನಮ್ಮನೇಲಿ ಹಾಗೇ ಅಲ್ವಾ?"

ದೊಡ್ಡವಳು ಇಡಾ ತಲೆ ತಗ್ಗಿಸಿದಳು. ಬೊರ್ಗಿಲ್ಡ್ ಸದ್ದಿಲ್ಲದೆ ಬೆಣ್ಣೆಯ ಬಟ್ಟಲನ್ನು ಅವಳ ಮುಂದಿಟ್ಟರು. ಮಕ್ಕಳು ಎದ್ದು ಹೋದ ಮೇಲೆ ಮಾತು ತೆಗೆದರು.

"ನಿಮ್ಮಜ್ಜಿ, ಅವಳ ತಂಗಿ ಇಬ್ರೂ ಮಾತು ಬಿಟ್ಟು ಪ್ರಾರ್ಥನಾಮನೆಯ ಎರಡು ತುದೀಲಿ ಕೂತು ಒಂದೇ ಹಾಡು ಹಾಡ್ತಿದ್ರು. ಒಬ್ರ ಶವ ಹೋಗುವಾಗ ಇನ್ನೊಬ್ರು ಕಿಟಕಿ ಪರದೆ ಸರಿಸಿ ನೋಡಿದ್ರು, ಅಷ್ಟೇ. ಆಮೇಲೆ ನೀನು. ಈಗ ಇವಳು."

"ರಕ್ತದಲ್ಲೇ ಬಂದಿದ್ದು ಹೋಗುತ್ತಾ?"

"ರಕ್ತದಲ್ಲಿ ಬಂದಿದ್ದಲ್ಲ ಕಣೇ, ನೋಡಿ ಕಲಿತದ್ದು. ನನಗೆ ಹೊಟ್ಟೆಕಿಚ್ಚು ಅಂತ ಯೇಸುವಿನ ಮುಂದೆ ಬಾಯಿಬಿಟ್ಟು ಹೇಳು. ಆಮೇಲೆ ಎದ್ದು ಹೋಗು. ದೇವರಿಗೆ ಕಾಣಿಕೆ ತರೋಕೆ ಮೊದಲು ಒಡಹುಟ್ಟಿದವರ ಹತ್ರ ರಾಜಿ ಆಗ್ಬೇಕು ಅಂತ ಕಲಿಸಿದ್ದು ಅವನೇ ಅಲ್ವಾ? ಬಜಾರಿನ ರೊಟ್ಟೀನೂ ಕಾಣಿಕೆನೇ."

"ಅವಳು ಬಾಗಿಲೇ ತೆಗೀದಿದ್ರೆ?"

"ತೆಗೀದಿದ್ರೂ ನೀನು ಹೋಗಿದ್ದನ್ನ ಮಾರೆನ್ ನೋಡಿರ್ತಾಳೆ."

ಬೊರ್ಗಿಲ್ಡ್ ಹೋದ ಮೇಲೆ ಗುಡ್ರುನ್ ಒಬ್ಬಳೇ ಅಡುಗೆಮನೆಯಲ್ಲಿ ಮೊಣಕಾಲೂರಿದಳು. ಮೊದಲು ಬಂದದ್ದೆಲ್ಲ ಅಕ್ಕನ ಮೇಲಿನ ದೂರುಗಳೇ. ದೂರು ಮುಗಿದ ಮೇಲೆ ನಿಜ ಹೊರಬಂತು. "ಸ್ವಾಮಿ, ನನಗೆ ಹೊಟ್ಟೆಕಿಚ್ಚು. ಇದು ನನ್ನ ಮಕ್ಕಳಿಗೆ ಬೇಡ." ಎದ್ದಾಗ ಉರಿ ಪೂರ್ತಿ ಆರಿರಲಿಲ್ಲ. ಆದರೂ ಲಟ್ಟಣಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸೇತುವೆ ದಾಟಿದಳು. ಮಾರೆನ್ ಕಿಟಕಿಯಿಂದ ನೋಡುತ್ತಿದ್ದಳು.

ಸಿಗ್ನೆ ಬಾಗಿಲು ತೆರೆದಳು. ಮೊಣಕೈವರೆಗೂ ಹಿಟ್ಟು.

"ಅಮ್ಮ ನಿಂಗೆ ದೊಡ್ಡದು ಕೊಟ್ಟಳು ಅಂತ ನಂಗೆ ಹೊಟ್ಟೆಕಿಚ್ಚಕ್ಕ. ಕ್ಷಮಿಸು," ಎಂದಳು ಗುಡ್ರುನ್.

ಸಿಗ್ನೆ ಹಿಟ್ಟಿನ ಕೈಯಲ್ಲೇ ಬಟ್ಟೆ ಸರಿಸಿ ಲಟ್ಟಣಿಗೆಯ ಗೆರೆಗಳನ್ನು ಸವರಿದಳು.

"ನಿನ್ನ ರೊಟ್ಟಿ ಹರಿದ್ರೂ ಅದರ ಮೇಲೆ ಅಮ್ಮನ ಗೆರೆ ಇರುತ್ತೆ. ಬಜಾರಲ್ಲಿ ಅದನ್ನ ಕಂಡಾಗೆಲ್ಲ ನಂಗೆ ಉರೀತಿತ್ತು. ನಾನು ಬಾಟಲೀಲಿ ಲಟ್ಟಿಸ್ತೀನಿ, ಗೊತ್ತಾ?"

"ಬಾಟಲೀಲಾ?" ಗುಡ್ರುನ್‌ಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡ. ಒಳಗೆ ಬಾ, ಹೆಂಚು ಕಾದಿದೆ."

ಮರುದಿನ ಗುಡ್ರುನ್ ಮನೆಯ ಮೇಜಿನ ಮೇಲೆ ಹರಿಯದ ರೊಟ್ಟಿ ಇತ್ತು. ಮಾರೆನ್ ಗೆರೆಗಳ ಮೇಲೆ ಬೆರಳಾಡಿಸಿದಳು. ಅವಳ ತಟ್ಟೆ ಇನ್ನೂ ಆ ತುದಿಯಲ್ಲೇ. ಸ್ವಲ್ಪ ಹೊತ್ತಿನ ಮೇಲೆ ಬೆಣ್ಣೆಯ ಬಟ್ಟಲನ್ನು ಇಡಾಳತ್ತ ತಳ್ಳಿದಳು.

"ಹಬ್ಬದ ಹಾಡಿನ ಎರಡನೇ ಚರಣ ನಿಂಗೆ ಸರಿಯಾಗಿ ಬರಲ್ಲ," ಎಂದಳು.

"ಹಾಗಾದ್ರೆ ಹೇಳ್ಕೊಡು," ಎಂದಳು ಇಡಾ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೆಯ ಮೌನ ಇರಬಹುದು. ಒಂದು ಮಗುವನ್ನು ಇನ್ನೊಂದಕ್ಕೆ ಹೋಲಿಸಿ ಆಡುವ ಮಾತೂ ಇರಬಹುದು. ಅದು ಹಣೆಬರಹವಲ್ಲ. ದೇವರ ಮುಂದೆ ಅದನ್ನು ಇದ್ದ ಹಾಗೆ ಒಪ್ಪಿಕೊಳ್ಳಿ. ಒಬ್ಬರಿಂದಾಗದಿದ್ದರೆ ಸಭೆಯ ಹಿರಿಯರ, ಆಪ್ತ ಸಲಹೆಗಾರರ ನೆರವು ಕೇಳಿ. ಹೊಡೆತ ಬಡಿತ ಇರುವ ಮನೆಯಾದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಕ್ಷಮೆಯೆಂದರೆ ಏಟು ತಿನ್ನಲು ಮರಳುವುದಲ್ಲ. ಉಳಿದವರು ಇಂದೇ ಹೊರಡಿ. ನೀವು ಸೇತುವೆ ದಾಟುವುದನ್ನು ನಿಮ್ಮ ಮಕ್ಕಳು ಕಿಟಕಿಯಿಂದ ನೋಡಲಿ.