ಬೆರಳಳತೆಯ ಅಂತರ

ಮತ್ತೆ ಹತ್ತಿತು, ಆರಿತು, ಮತ್ತೆ ಹತ್ತಿತು – ಕಡಲೆಕಾಳಿನಷ್ಟು ಕೆಂಪು ದೀಪ, ಕೀಲಿ ತಿರುವಿದ ಕೂಡಲೇ ಬಸ್‌ಸ್ಟ್ಯಾಂಡಿನ ಪುಂಡನಂತೆ ಕಣ್ಣು ಹೊಡೆಯುತ್ತದೆ, ಐವತ್ತು ದಾಟಿದ ಮುಮ್ತಾಜಬಿ ನಾನು, ನನ್ನ ವಯಸ್ಸಿಗಾದರೂ ಮರ್ಯಾದೆ ಬೇಡವೇ ಇದಕ್ಕೆ, ಆಕ್ಷೀ, ಗಾಡಿಯ ತುಂಬ ಮೆಣಸಿನಕಾಯಿ ಘಾಟು, ಇವತ್ತು ಬೆಳಿಗ್ಗೆ ಬ್ಯಾಡಗಿ ಪೇಟೆಯಲ್ಲಿ ಒಂದು ತಾಸು ನಿಲ್ಲಿಸಿದ್ದಕ್ಕೇ ಸೀಟು, ಟ್ಯಾಂಕು, ಮುಂದಿನ ಗಾಜು ಎಲ್ಲ ನನ್ನ ತವರಿನ ವಾಸನೆ ಹೊಡೆಯುತ್ತಿವೆ, ಸಾಹೇಬನ ಮೂಗೂ ಕೆಂಪಾಗಿದೆ, ಬಿಳಿ ಗಡ್ಡದ ಹೆಂಕ್ ಸಾಹೇಬ, ಹಾಲೆಂಡಿನಿಂದ ಈ ಎಮ್ಮೆಯಂಥ ಮೋಟಾರ್‌ಸೈಕಲ್ಲನ್ನು ಓಡಿಸಿಕೊಂಡೇ ರಾಣೆಬೆನ್ನೂರಿನ ತನಕ ಬಂದವನು, ಗಾಡಿಗೆ ಹದಿನೇಳು ವರ್ಷ, ಅವನಿಗೆ ಅರವತ್ತೆರಡು, ಇಬ್ಬರಲ್ಲಿ ಯಾರು ಗಟ್ಟಿಯೋ ದೇವರಿಗೇ ಗೊತ್ತು. ಪಕ್ಕದಲ್ಲಿ ಬೀಜದ ಕಂಪನಿಯ ದುರುಗೇಶ, ಸಾಹೇಬನ ಇಂಗ್ಲಿಷನ್ನು ನಮಗೆ ಬಿಡಿಸಿ ಹೇಳುವವನು, ಅಕ್ಕಾರ, ಮೋಟೆಬೆನ್ನೂರ ದಾಟಿದ ಮ್ಯಾಲೆ ಶುರುವಾತಂತ್ರಿ ಈ ದೀಪ, ಬ್ರೇಕೇನೋ ಹಿಡೀತಾವಂತ, ಆದ್ರ ಇವತ್ತ ಮಧ್ಯಾಹ್ನ ಅರಬೈಲ್ ಘಾಟ್ ಇಳಿಯೋದೈತಿ, ನಾಳೆ ಗೋವಾಕ್ಕ ಅವನ ಹೆಂಡ್ತಿ ವಿಮಾನದಾಗ ಬರ್ತಾಳ. ಗೊತ್ತು ಮಾರಾಯ, ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಜಾಮಾಗಿ ಜಾರದ ಹಾಗೆ ಕಾಯುವ ಯಂತ್ರ ಒಂದಿದೆ ಇದರ ಹೊಟ್ಟೆಯಲ್ಲಿ, ಅದು ಮಲಗಿದೆ ಎಂದು ಈ ದೀಪ ಒದರುತ್ತಿದೆ, ಯಾಕೆ ಮಲಗಿತು ಎಂಬುದನ್ನು ಮಾತ್ರ ಹೇಳುವುದಿಲ್ಲ, ಅಷ್ಟು ಬಾಯಿ ಇದ್ದಿದ್ದರೆ ನನ್ನನ್ನು ಯಾರು ಕೇಳುತ್ತಿದ್ದರು.

ಹಿಂದೆ ತಿರುಗಿ ನೋಡಬಾರದು, ನೋಡಿದರೆ ಇವರ ಕಣ್ಣಿಗೆ ಕಣ್ಣು ಬೀಳುತ್ತದೆ, ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತ ನನ್ನ ಗಂಡ ಫಕ್ಕೀರಸಾಬ, ಬಲಗೈ ಮುಷ್ಟಿ ಬಿಗಿದು ತೊಡೆಯ ಮೇಲೆ, ಲಕ್ವಾ ಹೊಡೆದು ಹನ್ನೊಂದು ತಿಂಗಳಾಯಿತು, ಮಾತು ಹೋಯಿತು, ಕಾಲು ಅರ್ಧ ಬಂತು, ಕೈಗೆ ಹಿಡಿತ ಬಂತು, ಸ್ಪರ್ಶ ಬರಲಿಲ್ಲ. ಹಾವೇರಿಯ ವ್ಯಾಯಾಮದ ಡಾಕ್ಟರು ಹೇಳಿದ್ದಾರೆ, ಮುಷ್ಟಿ ತಾನಾಗೇ ಬಿಗಕೊಂತೈತ್ರಿ, ದಿನಾ ಎಣ್ಣಿ ಹಚ್ಚಿ ಒಂದೊಂದ ಬೆರಳ ಬಿಡಸ್ರಿ. ದಿನಾ ಬಿಡಿಸುತ್ತೇನೆ, ಇವತ್ತು ಮಾತ್ರ ಎಣ್ಣೆ ಬಟ್ಟಲು ತಂದರೆ ಕೈಯನ್ನು ಎದೆಗೆ ಅವಚಿಕೊಂಡು ಬ್ಯಾ, ಬ್ಯಾ, ಎಂದರು, ಬ್ಯಾಡ ಅನ್ನೋದಕ್ಕೆ ಅಷ್ಟೇ ಬರುತ್ತದೆ, ಹಟಮಾರಿ, ಇರಲಿ ಬಿಡು ಎಂದು ನಾನೂ ಸಿಟ್ಟಿನಿಂದ ಬಟ್ಟಲು ಕುಕ್ಕಿ ಬಂದೆ. ಬೆಳಿಗ್ಗೆ ಕಸ ಹೊಡೆಯುವ ಮೊದಲೇ ಅಂಗಡಿಗೆ ಕುಂಟುತ್ತ ಬಂದು ನೆಲಕ್ಕೆ ಬಗ್ಗಿ ಏನನ್ನೋ ಹುಡುಕುತ್ತಿದ್ದರು, ಬೀಡಿ ತುಂಡೇ ಇರಬೇಕು, ಅದಕ್ಕೂ ಬೈದಿದ್ದೆ. ಆಮೇಲೆ ಹೊತ್ತೇರುವವರೆಗೂ ರಸ್ತೆಯನ್ನೇ ನೋಡುತ್ತ ಕುಳಿತರು, ಚಹಾ ಆರಿತು, ಸಾಹೇಬನ ಗಾಡಿ ತಿರುವಿನಲ್ಲಿ ಕಂಡಾಗ ಕಣ್ಣು ಮುಚ್ಚಿಕೊಂಡರು, ಬಿಸಿಲಿಗೆ ಇರಬೇಕು.

ಮೊದಲು ಬ್ಯಾಟರಿ, ಹಳೆಯ ಗಾಡಿಗೆ ಬ್ಯಾಟರಿ ಬಿದ್ದರೂ ದೀಪ ಕುಣಿಯುತ್ತದೆ, ಮೀಟರಿನ ಮುಳ್ಳು ಹನ್ನೆರಡೂವರೆ ವೋಲ್ಟಿನಲ್ಲಿ ನಿಂತಿತು, ಸ್ಟಾರ್ಟ್ ಮಾಡಿದಾಗಲೂ ಹನ್ನೊಂದರ ಕೆಳಗೆ ಇಳಿಯಲಿಲ್ಲ, ಪಾಸು. ಫ್ಯೂಸು ಪಾಸು. ಮುಂದಿನ ಗಾಲಿಯ ಹತ್ತಿರ ಕೂತು ಅದರ ಓಟ ಅಳೆಯುವ ಸೆನ್ಸರು, ಇದಕ್ಕೆಲ್ಲ ಹೊಸ ಹೆಸರು ಬಂದಿದೆ ಅಷ್ಟೇ, ಒಳಗೆ ಮ್ಯಾಗ್ನೆಟ್ಟು, ಸುತ್ತ ತಾಮ್ರದ ಸುರುಳಿ, ಬ್ಯಾಡಗಿಯಲ್ಲಿ ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ನಾನು ಸುತ್ತಿದ ಸುರುಳಿಗಳನ್ನು ಬಿಚ್ಚಿ ಎಳೆದರೆ ಹಾವೇರಿ ಮುಟ್ಟಿ ವಾಪಸು ಬರಬಹುದು. ಆ ಅಂಗಡಿಗೇ ಅಲ್ಲವೇ ಇವರು ಮೊದಲ ಸಲ ಬಂದದ್ದು, ಇಪ್ಪತ್ತೈದರ ಹುಡುಗ, ಒಂದು ಸುರುಳಿ ಕೈಗೆ ತೆಗೆದುಕೊಂಡು ತಂತಿಯನ್ನು ಹೆಬ್ಬೆರಳಲ್ಲಿ ಉಜ್ಜಿ, ಚಾಚಾ, ಇದು ಒಂದ ನಂಬರ ಸಣ್ಣದೈತಿ, ಅಪ್ಪ ಕೆಂಡವಾದರು, ಸುತ್ತಿದವಳು ನಾನು, ನಾನೂ ಕೆಂಡವಾದೆ, ಅಳೆದು ನೋಡಿದರೆ ಖರೇ ಒಂದು ನಂಬರು ಸಣ್ಣದು, ಅಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಆ ಹುಡುಗನ ಮನೆ ಎಲ್ಲಿದೆ ಎಂದು ವಿಚಾರಿಸಿದರು. ಇವರ ಬೆರಳ ತುದಿಗೆ ಕಣ್ಣಿತ್ತು, ಅಳತೆಯ ಪಟ್ಟಿಯನ್ನೇ ಕೊಂಡವರಲ್ಲ, ಕಾಗದದ ಕೆಳಗೆ ಕೂದಲಿಟ್ಟರೂ ಎಲ್ಲಿದೆ ಎಂದು ಹೇಳಿ ಬಸ್‌ಸ್ಟ್ಯಾಂಡಿನವರಿಂದ ಚಹಾ ಗೆಲ್ಲುತ್ತಿದ್ದರು, ಈಗ ಬಿಸಿ ಚಹಾದ ಲೋಟ ಹಿಡಿದರೆ ಚರ್ಮ ಸುಟ್ಟದ್ದು ನಾನು ನೋಡಿ ಹೇಳಬೇಕು.

ಸುರುಳಿ ಗಟ್ಟಿಯಾಗಿದೆ, ಮೀಟರು ಹೇಳುತ್ತದೆ, ತಂತಿ ಎಲ್ಲೂ ಕಡಿದಿಲ್ಲ, ಹಾಗಾದರೆ ಉಳಿದದ್ದು ಒಂದೇ – ಬೇಡ, ಅದಾಗಬಾರದು – ಗಾಲಿಯ ಜೊತೆ ತಿರುಗುವ ಹಲ್ಲಿನ ಬಳೆಗೂ ಸೆನ್ಸರಿಗೂ ನಡುವಿನ ಅಂತರ, ಮದುವೆ ಕಾರ್ಡಿನಷ್ಟು ಇರಬೇಕು, ಕಾರ್ಡು ತುರುಕಿದೆ, ಹೋಗಲಿಲ್ಲ, ಗಾಲಿ ತಿರುವಿದೆ, ಚರ್ ಎಂದಿತು, ಸೆನ್ಸರಿನ ಮೂತಿಯ ಮೇಲೆ ಹೊಸ ಗೀರು, ಹೊಳೆಯುವ ಗೀರು. ಬಿಚ್ಚಿದರೆ ಕೆಳಗೆ ವಾಷರ್ ಇಲ್ಲ, ಅಂತರ ಕಾಯುವ ತೆಳ್ಳನೆಯ ವಾಷರ್, ಇರಲೇಬೇಕಾದದ್ದು ಇಲ್ಲ. ಯಾ ಅಲ್ಲಾ. ನಿನ್ನೆ ಇದನ್ನು ಬಿಚ್ಚಿ ಜೋಡಿಸಿದವರು ಇವರು.

ನಿನ್ನೆ, ಸಾಹೇಬ ಹಿಂದೆ ಕಟ್ಟಿಕೊಂಡು ಬಂದಿದ್ದ ಹೊಸ ಟಾಯರನ್ನು ಮುಂದಿನ ಗಾಲಿಗೆ ಹಾಕಿಕೊಡಿ ಎಂದಾಗ ನಾನು ಪಾನಾ ಹುಡುಕುತ್ತಿದ್ದೆ, ತಿರುಗಿ ನೋಡಿದರೆ ಕುರ್ಚಿ ಖಾಲಿ, ಇವರು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ, ಕೂತದ್ದೇ ದೊಡ್ಡದು, ಎಡಗೈಯಿಂದ ಪಾನಾ ಹಿಡಿದು ಬಲಗೈಯನ್ನು ಅದರ ಮೇಲೆ ಹೊರಿಸಿ ತಿರುವುತ್ತಿದ್ದಾರೆ, ಮೂರು ತಿಂಗಳ ಹಿಂದೆ ಪಾನಾಗಳನ್ನೆಲ್ಲ ಕೊಟ್ಟುಬಿಡು ಎಂದು ಕೈಸನ್ನೆ ಮಾಡಿ ಗೋಡೆಗೆ ಮುಖ ಹಾಕಿ ಮಲಗಿದ್ದ ಮನುಷ್ಯ ಇವರೇನೇ. ನಾನು ಬೇಕೆಂದೇ ಆ ಕಡೆ ನೋಡಲಿಲ್ಲ, ಮೇಲೆ ನಿಂತು ಕಾವಲು ಕಾಯ್ದರೆ ಕೆಲಸಗಾರನ ಕೈ ನಡುಗುತ್ತದೆ, ರಿಪೇರಿಗೆ ಬಂದ ಪಂಪಿನ ಸುರುಳಿ ಎಣಿಸುವ ಹಾಗೆ ನಟಿಸಿದೆ, ಅದಕ್ಕೇ ಎಷ್ಟು ವಾಷರ್ ತೆಗೆದರೋ, ಎಲ್ಲಿಟ್ಟರೋ ಕಾಣಲಿಲ್ಲ, ನನ್ನ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ. ಮೂರು ತಾಸು ಹಿಡಿಯಿತು, ಸಾಹೇಬ ಹೆಗಲು ತಟ್ಟಿದ, ರಾತ್ರಿ ಇವರು ತಮ್ಮ ಕೈಯಾರೆ ಎರಡು ರೊಟ್ಟಿ ಮುರಿದು ತಿಂದರು, ಮಾತು ಬಾರದ ಬಾಯಲ್ಲಿ ಏನೋ ಗುನುಗಿದರು, ನಾನು ಒಲೆಯ ಕಡೆ ತಿರುಗಿ ಅತ್ತೆ, ಸಂತೋಷಕ್ಕೆ ಅತ್ತೆ. ಈಗ ಈ ವಾಷರಿನ ಮಾತು ದುರುಗೇಶನ ಮುಂದೆ, ಸಾಹೇಬನ ಮುಂದೆ ಎತ್ತಿದರೆ ಇವರು ಮತ್ತೆ ಪಾನಾ ಮುಟ್ಟುತ್ತಾರೆಯೇ, ಗೋಡೆಗೆ ಮುಖ ಹಾಕಿದವರನ್ನು ಇನ್ನೊಮ್ಮೆ ಹೇಗೆ ತಿರುಗಿಸಲಿ ನಾನು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಮ್ಮ ಅಂಗಡಿಯಲ್ಲಿ ಕಳೆದ ಸಾಮಾನು ಸೀಮೆಎಣ್ಣೆ ತಟ್ಟೆಗೆ ಬಾರದಿರುತ್ತದೆಯೇ, ಬೆರಳಾಡಿಸಿದೆ, ಸಿಕ್ಕಿತು, ತಟ್ಟೆಯ ತಳದಲ್ಲಿ ಒಂದು ವಾಷರ್, ಎಂಟಾಣೆಗಿಂತ ಸಣ್ಣದು, ಎಲೆಯಂತೆ ತೆಳ್ಳಗೆ. ಸೆರಗಿನ ಮರೆಯಲ್ಲಿ ಒರೆಸಿ, ಎಲ್ಲರಿಗೂ ಬೆನ್ನು ಕೊಟ್ಟು ಸೆನ್ಸರಿನ ಕೆಳಗೆ ಸೇರಿಸಿ ಬೋಲ್ಟು ಬಿಗಿದೆ, ಕಾರ್ಡು ಹೋಯಿತು, ಸ್ವಲ್ಪ ಬಿಗಿಯಾಗಿ ಹೋಯಿತು, ಆದರೂ ಹೋಯಿತಲ್ಲ. ಏನಾಗಿತ್ರಿ ಅಕ್ಕಾರ, ಏನಿಲ್ಲಪ್ಪಾ, ವೈರ್ ಸಡ್ಲಾಗಿತ್ತು, ಹಾದಿ ಧಕ್ಕಿಗೆ. ಸುಳ್ಳು ನಾಲಗೆಯ ಮೇಲೆ ಮೆಣಸಿನಕಾಯಿಯ ಹಾಗೆ ಉರಿಯಿತು, ಉರಿದರೆ ಉರಿಯಲಿ, ಸಾಹೇಬ ಗಾಡಿ ಹತ್ತಿ ಮೇಡ್ಲೇರಿ ರಸ್ತೆಯ ಕಡೆಗೆ ಒಂದು ಸುತ್ತು ಹೋದ, ಇವರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತರು, ಏನೋ ಅನ್ನಲು ಬಾಯಿ ತೆರೆದರು, ನಾನೇ ತಡೆದೆ, ಕುಂದ್ರಿ ಸುಮ್ನ, ಎಲ್ಲಾ ಸರಿ ಆತು.

ಸರಿಯಾಗಲಿಲ್ಲ. ಗಾಡಿ ಬಂತು, ದೀಪ ಹತ್ತಿ ಆರಿ ಹತ್ತಿ, ಅದೇ ಕಣ್ಣು, ಸಾಹೇಬ ಗಡಿಯಾರ ನೋಡಿದ, ನಕ್ಕ, ಪಾಪ ಬೈಯಲೂ ಇಲ್ಲ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ದುರುಗೇಶ ಕಿವಿಯ ಹತ್ತಿರ ಬಂದು, ಅಕ್ಕಾರ, ಆ ಬಲ್ಬ್ ತಗದ ಒಗೀರಿ, ಅವಗೇನ ಗೊತ್ತಾಗತೈತಿ, ದೀಪ ಆರಿತಂದ್ರ ಅವನೂ ಖುಷಿ, ನೀವೂ ಖುಷಿ. ಖುಷಿಯೇ, ಒಂದು ಸ್ಕ್ರೂ ತಿರುವಿದರೆ ಸಾಕು, ಇವರ ಹೆಸರೂ ಉಳಿಯುತ್ತದೆ, ನನ್ನ ಸುಳ್ಳೂ ಉಳಿಯುತ್ತದೆ, ಸಾಹೇಬ ಆರಿದ ದೀಪ ನಂಬಿ ಘಾಟಿನಲ್ಲಿ ತಿರುವಿಗೆ ಬ್ರೇಕು ಒತ್ತುತ್ತಾನೆ, ಎದುರಿಗೆ ಅದಿರಿನ ಲಾರಿ, ನಾಳೆ ಅವನ ಹೆಂಡತಿ ವಿಮಾನದಿಂದಿಳಿದು ಬಾಗಿಲ ಕಡೆಗೇ ನೋಡುತ್ತ ನಿಂತಿರುತ್ತಾಳೆ – ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇದೆ, ಯಾವಾಗ ತೆಗೆದುಕೊಂಡೆ, ಕೈ ದೀಪದ ಹತ್ತಿರ ಹೋಗಿದೆ, ನನ್ನದೇ ಕೈ, ಲಕ್ವಾ ಹೊಡೆಯದ ಕೈ.

ಟಪ್, ಟಪ್, ಇವರ ಊರುಗೋಲು, ಹಿಂದೆಯೇ ಬಂದು ನಿಂತಿದ್ದಾರೆ, ಸ್ಕ್ರೂಡ್ರೈವರನ್ನೂ ನೋಡಿದರು, ನನ್ನನ್ನೂ ನೋಡಿದರು, ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿದವರಲ್ಲ, ಊರುಗೋಲನ್ನು ಸೀಟಿಗೆ ಆನಿಸಿ ಎಡಗೈಯಿಂದ ಬಲಗೈ ಎತ್ತಿ ಟ್ಯಾಂಕಿನ ಮೇಲೆ ಇಟ್ಟರು, ಮುಷ್ಟಿ, ಬೆಳಗಿನಿಂದ ನನಗೆ ಬಿಡಿಸಲು ಕೊಡದ ಮುಷ್ಟಿ, ತಾವೇ ಬಿಡಿಸುತ್ತಿದ್ದಾರೆ, ಕಿರುಬೆರಳು, ಉಂಗುರದ ಬೆರಳು, ಬಿಡಿಸಿದ್ದು ಮತ್ತೆ ಮಡಚಿಕೊಳ್ಳುತ್ತದೆ, ಮತ್ತೆ ಬಿಡಿಸುತ್ತಾರೆ, ಏನ ಮಾಡಾಕತ್ತಾರ್ರಿ ಕಾಕಾ, ಸುಮ್ಮನಿರು ದುರುಗೇಶ. ಹಾಗಾದರೆ ನೆಲಕ್ಕೆ ಬಗ್ಗಿ ಹುಡುಕಿದ್ದು ಬೀಡಿ ಅಲ್ಲ, ರಸ್ತೆ ನೋಡಿದ್ದು ಸುಮ್ಮನೆ ಅಲ್ಲ, ಸಾಹೇಬ ಜೀವಂತ ಬರುತ್ತಾನೋ ಇಲ್ಲವೋ ಎಂದು ಬೆಳಗಿನಿಂದ ಇವರು ಒಬ್ಬರೇ, ಹೇಳಲು ಬಾಯಿಲ್ಲದೆ, ಹೇಳಲು ಅಂಜಿಕೆಯಾಗಿ, ನನ್ನಿಂದ ಮುಚ್ಚಿಟ್ಟು, ನಾನು ಇವರಿಂದ ಮುಚ್ಚಿಟ್ಟು. ಎ, ಎಂದರು ಸಾಹೇಬನ ಮುಖ ನೋಡಿ, ಎಡಗೈಯಿಂದ ತಮ್ಮ ಎದೆ ಬಡಿದುಕೊಂಡರು, ಎ, ಎ, ಎರಡು, ಇಡೀ ಮಾತು, ಹನ್ನೊಂದು ತಿಂಗಳ ಮೇಲೆ ಮೊದಲ ಇಡೀ ಮಾತು, ಎರಡು, ಎರಡು ಇದ್ದವು, ನಾನು ಒಂದನ್ನೇ ಹಾಕಿದ್ದೆ, ಅಂಗೈ ತೆರೆದಿದೆ, ನಡುವೆ ತೆಳ್ಳನೆಯ ವಾಷರ್, ಸುತ್ತ ಚರ್ಮದಲ್ಲಿ ಒತ್ತಿ ಮೂಡಿದ ಕೆಂಪು ಉಂಗುರ, ಇವರಿಗೆ ನೋವು ಗೊತ್ತಾಗಿಲ್ಲ, ಬೆಳಗಿನಿಂದ ಹಿಡಿದದ್ದು, ಕೆಂಪು ಉಂಗುರ, ಅದರ ನಡುವೆ ವಾಷರ್, ಸ್ಕ್ರೂಡ್ರೈವರ್ ಕೆಳಗಿಟ್ಟು ಅದಕ್ಕೆ ಕೈ ಚಾಚಿದೆ.